ಅಂಚಿಲ್ಲದ ಚೌಕ

ಒಬ್ಬರು: ವೆಬ್‌ಸೈಟಿನ ಪುಟದ ಹಿಂದೆ ಕಾಗದದ ತರಿ, ಬಟ್ಟೆಯ ನೇಯ್ಗೆ, ಸಣ್ಣ ಹೂಗಳ ಸಾಲು ಹರಡಿಕೊಂಡಿರುತ್ತವಲ್ಲ, ಅವು ಪುಟದಷ್ಟೇ ದೊಡ್ಡ ಚಿತ್ರಗಳೇ?

ಇನ್ನೊಬ್ಬರು: ಬಹುಪಾಲು ಅಲ್ಲ. ಪುಟದ ಅಳತೆ ಮೊದಲೇ ಗೊತ್ತಿರುವುದಿಲ್ಲ. ಫೋನಿನಲ್ಲಿ ಅದು ಅಂಗೈ ಅಗಲ, ಕಚೇರಿಯ ಮಾನಿಟರಿನಲ್ಲಿ ಎರಡು ಮೂರು ಗೇಣು. ಬರಹ ಉದ್ದವಾದಷ್ಟೂ ಪುಟ ಕೆಳಕ್ಕೆ ಬೆಳೆಯುತ್ತ ಹೋಗುತ್ತದೆ. ಅಳತೆ ಗೊತ್ತಿಲ್ಲದ ಜಾಗವನ್ನು ತುಂಬಲು ಹಳೆಯ ಉಪಾಯ ಒಂದೇ: ಸಣ್ಣ ಚೌಕವೊಂದನ್ನು ಮಾಡಿಟ್ಟುಕೊಂಡು, ನೆಲಕ್ಕೆ ಟೈಲ್ಸ್ ಹಾಸಿದಂತೆ ಅದನ್ನೇ ಅಡ್ಡಕ್ಕೂ ಉದ್ದಕ್ಕೂ ಹಾಸುವುದು. ಆ ಚೌಕಕ್ಕೂ ಟೈಲ್ ಎಂದೇ ಹೆಸರು. ಹಾಸುವ ಕೆಲಸ ಬ್ರೌಸರಿನದು. ನೆಲದ ಮೇಲಾದರೆ ಎರಡು ಟೈಲ್‌ಗಳ ನಡುವಿನ ಸಂದು ಕಂಡರೂ ತಪ್ಪಿಲ್ಲ, ಅದಕ್ಕೆ ಸಿಮೆಂಟು ಮೆತ್ತುತ್ತಾರೆ. ಪರದೆಯ ಮೇಲೆ ಸಂದು ಕಂಡರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಒಬ್ಬರು: ಈ ಉಪಾಯ ವೆಬ್‌ನೊಂದಿಗೇ ಹುಟ್ಟಿದ್ದೇ?

ಇನ್ನೊಬ್ಬರು: ಅದಕ್ಕಿಂತ ಹಳೆಯದು. ಗೋಡೆಕಾಗದ, ಅಚ್ಚಿನ ಬಟ್ಟೆ, ಜಮಖಾನೆ ಇವನ್ನೆಲ್ಲ ಬದಿಗಿಟ್ಟು ಕಂಪ್ಯೂಟರಿನ ಪರದೆಯನ್ನಷ್ಟೇ ನೋಡಿದರೆ, 1984ರ ಮ್ಯಾಕಿಂತೋಷ್ ಒಳ್ಳೆಯ ಉದಾಹರಣೆ. ಅದರ ಪರದೆ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ; ಪ್ರತಿ ಚುಕ್ಕಿಯೂ ಕಪ್ಪು ಇಲ್ಲವೇ ಬಿಳಿ. ಪೂರ್ತಿ ಪರದೆಯ ಚಿತ್ರವೊಂದನ್ನು ಇಟ್ಟುಕೊಳ್ಳಲು ಹತ್ತಿರ ಹತ್ತಿರ 22 ಸಾವಿರ ಬೈಟ್ ಬೇಕು, ಇಡೀ ಯಂತ್ರದ ಸ್ಮೃತಿಯೇ 128 ಕಿಲೋಬೈಟ್. ಹಾಗಾಗಿ ಹಿನ್ನೆಲೆಗೆ 8×8 ಚುಕ್ಕಿಗಳ ನಮೂನೆಗಳನ್ನು ಬಳಸಿದರು. 64 ಚುಕ್ಕಿ ಎಂದರೆ 64 ಬಿಟ್, ಎಂದರೆ ಕೇವಲ 8 ಬೈಟ್. ಅದರ ಡೆಸ್ಕ್‌ಟಾಪ್ ಹಿನ್ನೆಲೆಯ ಬೂದು ಬಣ್ಣ ನಿಜವಾದ ಬೂದಲ್ಲ. ಒಂದು ಕಪ್ಪು, ಒಂದು ಬಿಳಿ ಎಂದು ಚದುರಂಗದ ಹಾಸಿನಂತೆ ಕೂರಿಸಿದ ಚುಕ್ಕಿಗಳನ್ನು ಕಣ್ಣೇ ಬೆರೆಸಿಕೊಂಡು ಬೂದು ಮಾಡಿಕೊಳ್ಳುತ್ತಿತ್ತು. ಆ ಯಂತ್ರದ ಐಕಾನುಗಳನ್ನು ಬಿಡಿಸಿದ ಸೂಸನ್ ಕೇರ್ ಅವರ ಕೈ ಇಂಥ ನಮೂನೆಗಳಲ್ಲೂ ಇದೆ.

ವೆಬ್‌ಗೆ ಇದು ಬಂದದ್ದು 1995ರಲ್ಲಿ, ನೆಟ್‌ಸ್ಕೇಪ್ ಬ್ರೌಸರಿನ 1.1 ಆವೃತ್ತಿಯ ಮೂಲಕ. ಆಗಿನ ಅಡಚಣೆ ಸ್ಮೃತಿಗಿಂತ ಹೆಚ್ಚಾಗಿ ದೂರವಾಣಿ ತಂತಿ. 28.8 ಕಿಲೋಬಿಟ್ ವೇಗದ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 3,600 ಬೈಟ್ ತರುತ್ತಿತ್ತು. 256 ಬಣ್ಣಗಳ 640×480 ಚಿತ್ರವನ್ನು ಕುಗ್ಗಿಸದೆ ಕಳಿಸಿದರೆ 85 ಸೆಕೆಂಡು ಬೇಕು. 64×64ರ ಟೈಲಿಗೆ ಒಂದು ಸೆಕೆಂಡು ಚಿಲ್ಲರೆ. ಜಿಫ್ ಕಡತದಲ್ಲಿ ಕುಗ್ಗಿಸಿದರೆ ಎರಡೂ ಹಗುರವಾಗುತ್ತವೆ, ಆದರೆ ಅಂತರ ದೊಡ್ಡದಾಗಿಯೇ ಉಳಿಯುತ್ತದೆ. ಆ ಕಾಲದ ಹವ್ಯಾಸಿ ಪುಟಗಳಲ್ಲಿ ಎಲ್ಲಿ ನೋಡಿದರೂ ಇಟ್ಟಿಗೆ ಗೋಡೆ, ನಕ್ಷತ್ರದ ಆಕಾಶ, ಅಮೃತಶಿಲೆ ತುಂಬಿದ್ದಕ್ಕೆ ಹೊಸ ಆಟಿಕೆಯ ಹುಮ್ಮಸ್ಸಿನಷ್ಟೇ ಈ ಲೆಕ್ಕವೂ ಕಾರಣ.

ಒಬ್ಬರು: ಈಗ ತಂತಿಯ ತೊಂದರೆ ಇಲ್ಲವಲ್ಲ. ದೊಡ್ಡ ಫೋಟೊ ಒಂದನ್ನೇ ಹಾಕಿಬಿಟ್ಟರೆ?

ಇನ್ನೊಬ್ಬರು: ಪುಟದ ತಲೆಭಾಗಕ್ಕೆ ಹಾಕುತ್ತಾರೆ. ಇಡೀ ಪುಟಕ್ಕೆ ಹಾಕಿದರೆ ಮತ್ತೆ ಅಳತೆಯ ತೊಡಕು ಬರುತ್ತದೆ. ಒಂದು ಪರದೆಯಲ್ಲಿ ಚಿತ್ರದ ಬದಿ ಕತ್ತರಿಸಿಹೋಗುತ್ತದೆ, ಇನ್ನೊಂದರಲ್ಲಿ ಹಿಗ್ಗಿ ಮಸುಕಾಗುತ್ತದೆ. ಟೈಲ್ ಹಿಗ್ಗುವುದೂ ಇಲ್ಲ, ಕತ್ತರಿಸಿದ್ದು ಕಾಣುವುದೂ ಇಲ್ಲ.

ಒಬ್ಬರು: ಹೂವಿನ ಸಾಲನ್ನೂ ಕಾಗದದ ತರಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಸರಿಯೇ? ಒಂದು ಬಿಡಿಸಿದ್ದು, ಇನ್ನೊಂದು ತಾನಾಗಿ ಇದ್ದದ್ದು.

ಇನ್ನೊಬ್ಬರು: ಬೇರ್ಪಡಿಸಬೇಕಾದವೇ. ಹೂವಿನ ಸಾಲು, ಚೌಕುಳಿ, ಪಟ್ಟಿ ಇವು ಚಿತ್ತಾರಗಳು. ಮರುಕಳಿಸುವುದೇ ಚಿತ್ತಾರದ ಅಂದ. ಅದು ಮರುಕಳಿಸುತ್ತಿದೆ ಎಂದು ನೋಡುವವರಿಗೆ ಗೊತ್ತಾದರೆ ನಷ್ಟವಿಲ್ಲ, ಗೊತ್ತಾಗಲೇಬೇಕು. ಕಾಗದ, ಗಾರೆ, ಮರದ ನಾರು, ತೊಗಲು ಇವು ಟೆಕ್ಸ್ಚರ್‌ಗಳು, ಅಂದರೆ ಮೇಲ್ಮೈಯ ಒರಟು ನವಿರುಗಳ ಚಿತ್ರ. ನಿಜವಾದ ಗಾರೆಗೋಡೆಯಲ್ಲಿ ಒಂದು ಬಿರುಕು ಪ್ರತಿ ಗೇಣಿಗೊಮ್ಮೆ ಅದೇ ಆಕಾರದಲ್ಲಿ ಬರುವುದಿಲ್ಲ. ಆದ್ದರಿಂದ ಟೆಕ್ಸ್ಚರ್‌ನಲ್ಲಿ ಎರಡು ಗುಟ್ಟು ಮುಚ್ಚಿಡಬೇಕು: ಚೌಕದ ಅಂಚು, ಮತ್ತು ಚೌಕ ಮರುಕಳಿಸುತ್ತಿದೆ ಎಂಬುದು. ಅಂಚು ಮುಚ್ಚುವುದು ಸುಲಭ, ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ. ಮರುಕಳಿಕೆ ಮುಚ್ಚುವುದರಲ್ಲಿ ಪಳಗಿದವರೂ ಸೋಲುತ್ತಾರೆ. ಮಾರಾಟಕ್ಕಿರುವ ಟೈಲ್‌ಗಳ ಮೇಲೆ ‘ಸೀಮ್‌ಲೆಸ್’ ಎಂಬ ಚೀಟಿ ಇರುತ್ತದೆ. ಆ ಮಾತು ಮೊದಲ ಗುಟ್ಟಿಗೆ ಮಾತ್ರ ಖಾತರಿ ಕೊಡುತ್ತದೆ.

ಒಬ್ಬರು: ಮೊದಲು ಅಂಚಿನದೇ ಆಗಲಿ. ಅಂಚು ಇಲ್ಲದ ಚೌಕ ಎಂದರೆ ಏನು? ಚೌಕಕ್ಕೆ ನಾಲ್ಕು ಅಂಚು ಇದ್ದೇ ಇರುತ್ತದೆ.

ಇನ್ನೊಬ್ಬರು: ಬಲದ ಅಂಚಿನಾಚೆಗೆ ಏನಿದೆ ಎಂದು ಕೇಳಿದರೆ ‘ಎಡದ ಅಂಚು’ ಎಂಬುದೇ ಉತ್ತರ, ಏಕೆಂದರೆ ಪಕ್ಕದಲ್ಲಿ ಕೂರುವುದು ಇದೇ ಚೌಕದ ಪ್ರತಿ. ಕೆಳಗಿನ ಅಂಚಿನಾಚೆಗೆ ಮೇಲಿನ ಅಂಚು. ಹಳೆಯ ಮೊಬೈಲಿನ ಹಾವಿನಾಟದ ಕೆಲವು ರೂಪಗಳಲ್ಲಿ ಹಾವು ಬಲಗೋಡೆಯೊಳಗೆ ನುಗ್ಗಿ ಎಡಗೋಡೆಯಿಂದ ಹೊರಬರುತ್ತಿತ್ತಲ್ಲ, ಅದೇ ಏರ್ಪಾಡು. ಚೌಕವನ್ನು ರಬ್ಬರ್ ಹಾಳೆ ಎಂದುಕೊಂಡು ಎಡಬಲ ಅಂಚುಗಳನ್ನು ಸೇರಿಸಿದರೆ ಕೊಳವೆಯಾಗುತ್ತದೆ. ಕೊಳವೆಯ ಎರಡು ಬಾಯಿಗಳನ್ನೂ ಬಗ್ಗಿಸಿ ಸೇರಿಸಿದರೆ ಉದ್ದಿನ ವಡೆಯ ಆಕಾರ. ಗಣಿತದವರು ಅದನ್ನು ಟೋರಸ್ ಎನ್ನುತ್ತಾರೆ. ವಡೆಯ ಮೇಲೆ ನಡೆಯುವ ಇರುವೆಗೆ ಅಂಚೆಂಬುದು ಎಲ್ಲಿಯೂ ಸಿಗದು. ಆ ವಡೆಯ ಮೈಮೇಲೆ ಎಲ್ಲಿಯೂ ಮುರಿಯದ ಚಿತ್ರ ಬಿಡಿಸಿದರೆ ಅದೇ ಅಂಚಿಲ್ಲದ ಟೈಲ್.

ಒಬ್ಬರು: ವಡೆಯ ಮೇಲೆ ಯಾರೂ ಬಿಡಿಸುವುದಿಲ್ಲ. ಕೈಯಲ್ಲಿರುವುದು ಗೋಡೆಯ ಒಂದು ಫೋಟೊ ಎಂದಿಟ್ಟುಕೊಳ್ಳೋಣ.

ಇನ್ನೊಬ್ಬರು: ಅದನ್ನು 400×400ಕ್ಕೆ ಕತ್ತರಿಸಿ, ಇಡೀ ಚಿತ್ರವನ್ನು ಬಲಕ್ಕೆ 200, ಕೆಳಕ್ಕೆ 200 ಪಿಕ್ಸೆಲ್ ಸರಿಸಬೇಕು. ಬಲದಲ್ಲಿ ಹೊರಬಿದ್ದ ಭಾಗ ಎಡದಲ್ಲಿ ಬಂದು ಕೂರಬೇಕು, ಕೆಳಗೆ ಬಿದ್ದದ್ದು ಮೇಲೆ. ಫೋಟೊಶಾಪ್‌ನಲ್ಲಿ ಇದಕ್ಕೆ ಆಫ್‌ಸೆಟ್ ಎಂಬ ಫಿಲ್ಟರ್ ಇದೆ, ಗಿಂಪ್‌ನಲ್ಲೂ ಆಫ್‌ಸೆಟ್ ಎಂದೇ. ಸರಿಸಿದ ಮೇಲೆ ಹೊರ ಅಂಚುಗಳು ತಾವಾಗಿಯೇ ಹೊಂದುತ್ತವೆ. ಅವು ಮೊದಲು ಚಿತ್ರದ ನಡುವೆ ಅಕ್ಕಪಕ್ಕ ಇದ್ದ ಪಿಕ್ಸೆಲ್‌ಗಳೇ ತಾನೆ? ಹಳೆಯ ಅಂಚುಗಳು ಈಗ ಚಿತ್ರದ ನಡುವೆ ಕೂಡುಗುರುತಿನಂತೆ ಎದ್ದು ಕಾಣುತ್ತವೆ. ಅಡಗಿದ್ದ ದೋಷ ಬಟಾಬಯಲಿಗೆ ಬಂತು. ಇನ್ನು ಕ್ಲೋನ್ ಅಥವಾ ಹೀಲಿಂಗ್ ಬ್ರಷ್ ಹಿಡಿದು, ಸುತ್ತಲಿನ ಮೈಯಿಂದ ತುಣುಕು ತೆಗೆದು ಆ ಕೂಡುಗೆರೆಯನ್ನು ಅಳಿಸುತ್ತ ಹೋಗಬೇಕು.

ಇಲ್ಲೊಂದು ಕಡೆ ಹೊಸಬರು ಎಡವುತ್ತಾರೆ. ಕೂಡುಗುರುತಿನ ನಾಲ್ಕು ತೋಳುಗಳ ತುದಿ ಹೊಸ ಅಂಚುಗಳನ್ನು ಮುಟ್ಟುತ್ತದೆ. ಆ ತುದಿಗಳಲ್ಲಿ ಬ್ರಷ್ ಆಡಿಸಿದರೆ, ಒಂದು ಬದಿಯಲ್ಲಿ ಬದಲಾದದ್ದು ಎದುರು ಬದಿಯಲ್ಲಿ ಬದಲಾಗುವುದಿಲ್ಲ. ಮುಚ್ಚಿದ ಕಡೆಯೇ ಹೊಸ ಸಂದು ಬಾಯಿ ಬಿಡುತ್ತದೆ. ಹಾಗಾಗಿ ಮೊದಲ ಸುತ್ತು ಮುಗಿದ ಮೇಲೆ ಚಿತ್ರವನ್ನು 200ರ ಬದಲು 130ರಂಥ ಬೇರೆ ಅಳತೆಯಲ್ಲಿ ಮತ್ತೆ ಸರಿಸಿ, ಉಳಿದ ಗಾಯಗಳನ್ನು ನಡುವಿಗೆ ತಂದು ವಾಸಿ ಮಾಡಬೇಕು. ಎರಡು ಮೂರು ಸುತ್ತು ಬೇಕಾಗುವುದು ಸಾಮಾನ್ಯ.

ಒಬ್ಬರು: ಸಂದು ಒಂದೂ ಇಲ್ಲದಂತೆ ತಿದ್ದಿದ್ದರೂ ಹಾಸಿ ನೋಡಿದಾಗ ಚೌಕ ಚೌಕವಾಗಿಯೇ ಕಾಣುವ ಟೈಲ್‌ಗಳಿವೆಯಲ್ಲ?

ಇನ್ನೊಬ್ಬರು: ಅದು ಬೆಳಕಿನ ತಂಟೆ. ಕಿಟಕಿ ಎಡಕ್ಕಿದ್ದರೆ ಗೋಡೆಯ ಎಡಭಾಗ ಚೂರು ಬೆಳ್ಳಗೆ, ಬಲಭಾಗ ಚೂರು ಕಪ್ಪಗೆ. ಫೋಟೊದಲ್ಲಿ ಗಮನಕ್ಕೇ ಬಾರದ ಈ ಏರಿಳಿತ, ಹತ್ತು ಸಲ ಹಾಸಿದಾಗ ಹತ್ತು ನೆರಳುಪಟ್ಟಿಯಾಗುತ್ತದೆ. ಮೋಡ ಮುಚ್ಚಿದ ದಿನ, ಗೋಡೆಗೆ ನೇರ ಎದುರು ನಿಂತು ತೆಗೆದ ಫೋಟೊ ಇದಕ್ಕೆ ಅರ್ಧ ಮದ್ದು. ಉಳಿದರ್ಧವನ್ನು ಹೈ ಪಾಸ್ ಫಿಲ್ಟರ್ ಮಾಡುತ್ತದೆ: ಚಿತ್ರವನ್ನು ಚೆನ್ನಾಗಿ ಮಸುಕು ಮಾಡಿದರೆ ತರಿಗಳೆಲ್ಲ ಕರಗಿ ಬೆಳಕಿನ ಏರಿಳಿತವಷ್ಟೇ ಉಳಿಯುತ್ತದೆ, ಅದನ್ನು ಮೂಲದಿಂದ ಕಳೆದರೆ ತರಿ ಮಾತ್ರ ಉಳಿಯುತ್ತದೆ. ಮಸುಕು ಮಾಡುವ ಫಿಲ್ಟರುಗಳಿಗೆ ಚೌಕದ ಆಚೆ ಅದೇ ಚೌಕವಿದೆ ಎಂಬುದು ತಿಳಿದಿರುವುದಿಲ್ಲ, ಅಂಚಿಗೆ ಬಂದಾಗ ಅವು ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತವೆ. ಆದ್ದರಿಂದ ಟೈಲನ್ನು ಮೂರು ಸಾಲು ಮೂರು ಕಂಬದಂತೆ ಒಂಬತ್ತು ಸಲ ಹಾಸಿ, ಫಿಲ್ಟರ್ ಹಚ್ಚಿ, ನಡುವಿನ ಒಂದನ್ನು ಕತ್ತರಿಸಿಕೊಳ್ಳುವುದು ಕಸುಬುದಾರರ ರೂಢಿ.

ಕೊನೆಗೆ ಕಡತ ಉಳಿಸುವಾಗಲೂ ಎಚ್ಚರ ಬೇಕು. ಜೆಪೆಗ್ ವಿಧಾನ ಚಿತ್ರವನ್ನು 8×8ರ ತುಂಡುಗಳಾಗಿ ಒಡೆದು ಒಂದೊಂದನ್ನೂ ಬೇರೆಬೇರೆಯಾಗಿ ಕುಗ್ಗಿಸುತ್ತದೆ. ಎಡದ ಅಂಚಿನ ತುಂಡು ಒಂದು ಬಗೆಯಾಗಿ, ಬಲದ್ದು ಇನ್ನೊಂದು ಬಗೆಯಾಗಿ ಒರಟಾದರೆ ಕಷ್ಟಪಟ್ಟು ಮುಚ್ಚಿದ ಸಂದು ಮತ್ತೆ ಇಣುಕುತ್ತದೆ. ಬಣ್ಣ ಕಡಿಮೆಯಿರುವ ಚಿತ್ತಾರಕ್ಕೆ ಪಿಎನ್‌ಜಿ, ಫೋಟೊದಂಥದಕ್ಕೆ ಮಾಹಿತಿ ಕಳೆಯದೆ ಕುಗ್ಗಿಸುವ ಬಗೆಯ ವೆಬ್‌ಪಿ ಸುರಕ್ಷಿತ. ಜೆಪೆಗ್‌ನಲ್ಲೇ ಉಳಿಸಬೇಕೆಂದರೆ ಟೈಲಿನ ಅಳತೆ 16ರ ಗುಣಕವಾಗಿರಲಿ, ಗುಣಮಟ್ಟವನ್ನು ತೀರ ಇಳಿಸದಿರಲಿ.

ಒಬ್ಬರು: ಈಗ ಎರಡನೆಯ ಗುಟ್ಟು.

ಇನ್ನೊಬ್ಬರು: ಕಣ್ಣಿಗೆ ಒಂದು ಚಟವಿದೆ. ಸಾವಿರ ತರಿಗಳ ನಡುವೆ ಒಂದೇ ಒಂದು ಬೇರೆಯದು ಇದ್ದರೆ ಅಲ್ಲಿಗೇ ಹೋಗಿ ಕೂರುತ್ತದೆ. ಗಾರೆಯಲ್ಲೊಂದು ಕಪ್ಪು ಚುಕ್ಕಿ, ಮರದಲ್ಲೊಂದು ಗಂಟು. ಅದು ಮರುಕಳಿಸಿದಾಗ ಆ ಚುಕ್ಕಿಗಳೇ ಸಾಲುಗಟ್ಟಿ ಜಾಲರಿ ಕಟ್ಟುತ್ತವೆ, ತರಿ ಮರೆತುಹೋಗುತ್ತದೆ. ಆದ್ದರಿಂದ ಟೆಕ್ಸ್ಚರ್ ಟೈಲ್ ಮಾಡುವಾಗ ಚಿತ್ರದಲ್ಲಿ ಯಾವುದು ಅಂದವೋ ಅದನ್ನೇ ತೆಗೆದುಹಾಕಬೇಕಾಗುತ್ತದೆ. ಫೋಟೊ ತೆಗೆದವರಿಗೆ ಇದು ಸಂಕಟದ ಕೆಲಸ. ಆ ಬಿರುಕಿಗಾಗಿಯೇ ಅವರು ಆ ಗೋಡೆಯ ಮುಂದೆ ನಿಂತಿರುತ್ತಾರೆ. ಟೈಲನ್ನು ದೊಡ್ಡದು ಮಾಡಿದರೆ ಜಾಲರಿ ದೂರದೂರವಾಗುತ್ತದೆ, ಮಾಯವಾಗುವುದಿಲ್ಲ. ಮೈಯೆಲ್ಲ ಏಕರೂಪವಾದ 128 ಪಿಕ್ಸೆಲ್‌ನ ಟೈಲ್, ಗಂಟಿರುವ 600 ಪಿಕ್ಸೆಲ್‌ನ ಟೈಲಿಗಿಂತ ವಾಸಿ.

ಒಬ್ಬರು: ಬಟ್ಟೆಯ ಅಚ್ಚಿನವರಿಗೂ ಇದೇ ತೊಂದರೆ ಇರಬೇಕಲ್ಲ? ಹೂವೆಲ್ಲ ಒಂದೇ ಗೆರೆಯಲ್ಲಿ ನಿಂತರೆ ಸೀರೆಯ ಒಡಲು ಪಟ್ಟಿಪಟ್ಟಿಯಾಗಿ ಕಾಣುತ್ತದೆ.

ಇನ್ನೊಬ್ಬರು: ಅವರು ಕಂಡುಕೊಂಡ ದಾರಿಯೇ ಇಲ್ಲಿಗೂ ಬಂದಿದೆ. ಒಂದು ಕಂಬದ ಹೂಗಳು ಪಕ್ಕದ ಕಂಬದ ಹೂಗಳಿಗಿಂತ ಅರ್ಧ ಅಳತೆ ಕೆಳಗೆ ಬೀಳುವಂತೆ ಹಾಸುವುದು. ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ ಇಡುವ ರಂಗೋಲಿಯಲ್ಲೂ ಇದೇ ಲೆಕ್ಕ. ಇಂಗ್ಲೆಂಡಿನಲ್ಲಿ 1860ರ ದಶಕದಿಂದ ಮರದ ಅಚ್ಚುಗಳ ಗೋಡೆಕಾಗದ ಮಾಡಿಸಿದ ವಿಲಿಯಂ ಮಾರಿಸ್ ಇದನ್ನು ಪಳಗಿಸಿಕೊಂಡಿದ್ದರು. ಅವರ ಬಳ್ಳಿಗಳು ಒಂದು ಅಚ್ಚಿನ ಎಲ್ಲೆ ದಾಟಿ ಇನ್ನೊಂದಕ್ಕೆ ಹಬ್ಬುವುದರಿಂದ ಅಚ್ಚು ಎಲ್ಲಿ ಮುಗಿಯಿತೆಂದು ಹುಡುಕಿದರೂ ಸಿಗದು. ಬ್ರೌಸರಿಗೆ ಅರ್ಧ ಇಳಿಸಿ ಹಾಸು ಎಂದು ಹೇಳುವ ಆಜ್ಞೆ ಇಲ್ಲ. ಎರಡು ಕಂಬಗಳನ್ನೂ ಒಳಗೊಂಡ ಜೋಡಿ ಅಗಲದ ಟೈಲ್ ಮಾಡಬೇಕು. ಇಲ್ಲವೇ ಹೂವನ್ನು ಪಾರದರ್ಶಕ ಟೈಲಿನಲ್ಲಿಟ್ಟು, ಅದೇ ಕಡತವನ್ನು ಎರಡು ಪದರವಾಗಿ ಹಾಕಿ, ಒಂದನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ ಸರಿಸಬೇಕು.

ಹೂವನ್ನು ತಿರುಗಿಸುವುದು, ಕನ್ನಡಿಯಲ್ಲಿ ಮಗುಚುವುದು, ಜಾರಿಸಿ ಮಗುಚುವುದು, ಹೀಗೆ ಸಮತಲವನ್ನು ಮರುಕಳಿಕೆಯಿಂದ ತುಂಬುವ ಬಗೆಗಳು ಅಸಂಖ್ಯವೆಂದು ತೋರಿದರೂ, ಅವುಗಳ ಸಮಮಿತಿಯನ್ನಷ್ಟೇ ನೋಡಿದರೆ ಒಟ್ಟು 17 ಮಾತ್ರ. ರಷ್ಯಾದ ಸ್ಫಟಿಕಶಾಸ್ತ್ರಜ್ಞ ಫೆದೊರೊವ್ 1891ರಲ್ಲಿ ಇದನ್ನು ಸಾಧಿಸಿದರು, 1924ರಲ್ಲಿ ಗಣಿತಜ್ಞ ಪೋಯಾ ಸ್ವತಂತ್ರವಾಗಿ ಅಲ್ಲಿಗೇ ತಲುಪಿದರು. ಹೀಗೆ ಮರುಕಳಿಸುವ ಚಿತ್ತಾರವನ್ನು ಅರ್ಧ ಸುತ್ತು, ಮೂರನೇ ಒಂದು, ಕಾಲು, ಆರನೇ ಒಂದು ಸುತ್ತು ತಿರುಗಿಸಿ ಮೊದಲಿನಂತೆಯೇ ಕೂರಿಸಬಹುದು. ಐದನೇ ಒಂದು ಸುತ್ತು ಆಗದು. ಐದೆಸಳಿನ ಹೂವನ್ನು ಟೈಲಿನೊಳಗೆ ಬಿಡಿಸಬಹುದು, ಆದರೆ ಇಡೀ ಚಿತ್ತಾರಕ್ಕೆ ಆ ಐದರ ಸಮಮಿತಿ ಬರುವುದಿಲ್ಲ.

ಒಬ್ಬರು: ಟೆಕ್ಸ್ಚರ್‌ಗೆ ಈ ಹೂವಿನ ಉಪಾಯ ಎಷ್ಟು ದಿನ? ಅರ್ಧ ಇಳಿಸಿದರೂ ಮರುಕಳಿಕೆ ಮರುಕಳಿಕೆಯೇ.

ಇನ್ನೊಬ್ಬರು: ಅಲ್ಲಿಗೆ ಅವಿಭಾಜ್ಯ ಸಂಖ್ಯೆಗಳು ಬರುತ್ತವೆ. ಅಮೆರಿಕದ ಪೂರ್ವಭಾಗದಲ್ಲಿ ಒಂದು ಬಗೆಯ ಸಿಕಾಡ ಕೀಟಗಳಿವೆ. ಮರಿಗಳು ಮಣ್ಣಿನೊಳಗೆ ಬೆಳೆದು, ಕೆಲವು 13 ವರ್ಷಕ್ಕೊಮ್ಮೆ, ಕೆಲವು 17 ವರ್ಷಕ್ಕೊಮ್ಮೆ ಒಟ್ಟಿಗೆ ಮೇಲೆದ್ದು ಬರುತ್ತವೆ. (ಈ 17ಕ್ಕೂ ಮೇಲಿನ 17ಕ್ಕೂ ನಂಟಿಲ್ಲ.) 13, 17 ಎರಡೂ ಅವಿಭಾಜ್ಯವಾದ್ದರಿಂದ 13 ವರ್ಷದ ಯಾವುದೋ ಒಂದು ಗುಂಪೂ 17 ವರ್ಷದ ಯಾವುದೋ ಒಂದು ಗುಂಪೂ ಜೊತೆಯಾಗಿ ಒಂದೇ ವರ್ಷ ಏಳುವುದು 221 ವರ್ಷಕ್ಕೊಮ್ಮೆ. ಅಲೆಕ್ಸ್ ವಾಕರ್ ಎಂಬ ವಿನ್ಯಾಸಕಾರರು 2011ರಲ್ಲಿ ಇದನ್ನು ಹಿನ್ನೆಲೆಗೆ ಒಗ್ಗಿಸಿ ತೋರಿಸಿದರು. ಒಂದೇ ಟೈಲಿನ ಬದಲು ಪಾರದರ್ಶಕವಾದ ಮೂರು ಟೈಲ್‌ಗಳನ್ನು ಒಂದರ ಮೇಲೊಂದು ಹಾಸುವುದು. ಅಗಲ 29, 37, 53 ಪಿಕ್ಸೆಲ್. ಮೂರೂ ಒಟ್ಟಿಗೆ ಮೊದಲಿನ ಜಾಗಕ್ಕೆ ಬರಲು 29×37×53, ಎಂದರೆ 56,869 ಪಿಕ್ಸೆಲ್ ಸಾಗಬೇಕು. 1920 ಪಿಕ್ಸೆಲ್ ಅಗಲದ ಪರದೆಗಳನ್ನು ಸಾಲಾಗಿ ಇಟ್ಟರೆ ಮೂವತ್ತರ ಹತ್ತಿರ ಬೇಕು. ಅಗಲಗಳು 30, 40, 60 ಆಗಿದ್ದರೆ ಬರೀ 120 ಪಿಕ್ಸೆಲ್‌ಗೆ ಗುಟ್ಟು ರಟ್ಟು. ಬಟ್ಟೆಯ ಪರದೆ, ಎಲೆಗೊಂಚಲು, ಜನಜಂಗುಳಿಯಂಥ ಚಿತ್ರಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದೊಂದು ಪದರದಲ್ಲೂ ಎದ್ದು ಕಾಣುವ ವಸ್ತುವಿದ್ದರೆ ಮಾತ್ರ ಕಣ್ಣು ಆ ಪದರದ ಲಯವನ್ನೇ ಹಿಡಿದುಬಿಡುತ್ತದೆ.

ಒಬ್ಬರು: ಫೋಟೊವೂ ಇಲ್ಲದೆ, ಕೈಯಲ್ಲೂ ಬಿಡಿಸದೆ, ಬರೀ ಲೆಕ್ಕದಿಂದ ಟೈಲ್ ಹುಟ್ಟಿಸಬಹುದೇ?

ಇನ್ನೊಬ್ಬರು: ಧಾರಾಳವಾಗಿ. ಅಲ್ಲಿ ಸಂದು ಮುಚ್ಚುವ ಪ್ರಶ್ನೆಯೇ ಏಳುವುದಿಲ್ಲ, ಒಂದು ನಿಯಮ ಪಾಲಿಸಿದರೆ: ಟೈಲಿನೊಳಗೆ ಏನು ಏರಿಳಿದರೂ ಅದು ಪೂರ್ಣ ಆವರ್ತಗಳನ್ನು ಮುಗಿಸಿರಬೇಕು. ಅಲೆಗಳು ನಾಲ್ಕಾಗಲಿ ಏಳಾಗಲಿ, ನಾಲ್ಕೂವರೆ ಆಗಕೂಡದು. ತಾಳದ ಕೊನೆಯ ಅಕ್ಷರ ಮುಗಿದ ಮೇಲೇ ಸಮ ಬಂದಂತೆ.

ಗೀಚು ಗೀಚಾದ ಸಹಜ ತರಿಗೂ ಇದು ಸಲ್ಲುತ್ತದೆ. 1982ರ ಟ್ರಾನ್ ಚಲನಚಿತ್ರದ ಕೆಲಸದಲ್ಲಿದ್ದ ಕೆನ್ ಪರ್ಲಿನ್, ಕಂಪ್ಯೂಟರಿನ ಚಿತ್ರಗಳು ಯಂತ್ರದಂತೆ ನುಣುಪಾಗಿರುವುದು ಸಾಲದೆಂದು ಒಂದು ವಿಧಾನ ಹುಡುಕಿದರು. 1985ರಲ್ಲಿ ಅದನ್ನು ಪ್ರಕಟಿಸಿದರು. ಪರ್ಲಿನ್ ನಾಯ್ಸ್ ಎಂಬ ಆ ವಿಧಾನಕ್ಕೆ 1997ರಲ್ಲಿ ಆಸ್ಕರ್‌ನ ತಾಂತ್ರಿಕ ಪುರಸ್ಕಾರ ಸಂದಿತು. ಜಾಲರಿಯೊಂದರ ಪ್ರತಿ ಮೂಲೆಗೂ ಒಂದು ಯಾದೃಚ್ಛಿಕ ಓರೆ ಕೊಟ್ಟು, ನಡುವಿನ ಜಾಗವನ್ನು ನಯವಾಗಿ ತುಂಬುವುದು ಅದರ ಸಾರ. ಜಾಲರಿಯ ಬಲತುದಿಯ ಮೂಲೆಗಳಿಗೆ ಎಡತುದಿಯ ಓರೆಗಳನ್ನೇ ಕೊಟ್ಟರೆ ಚಿತ್ರ ತಾನಾಗಿ ಸುತ್ತಿಕೊಳ್ಳುತ್ತದೆ. ಎಸ್‌ವಿಜಿ ಚಿತ್ರಭಾಷೆಯಲ್ಲಿ ಈ ನಾಯ್ಸ್ ಹುಟ್ಟಿಸುವ ಫಿಲ್ಟರಿಗೆ ‘ಸ್ಟಿಚ್ ಟೈಲ್ಸ್’ ಎಂಬ ಗುಣವಿದೆ; ಅದರ ಬೆಲೆಯನ್ನು ‘ಸ್ಟಿಚ್’ ಎಂದು ಬರೆದರೆ, ಚೌಕದೊಳಗೆ ಪೂರ್ಣ ಸಂಖ್ಯೆಯ ಮನೆಗಳು ಬರುವಂತೆ ಆವರ್ತವನ್ನು ತುಸು ಹೊಂದಿಸಿಕೊಂಡು ಅಂಚನ್ನು ಹೊಲಿದುಕೊಡುತ್ತದೆ. ಒಂದೆರಡು ಸಾಲಿನ ಬರಹ, ಚಿತ್ರದ ಕಡತವೇ ಬೇಡ.

ಒಬ್ಬರು: ಪಟ್ಟಿ, ಚೌಕುಳಿ, ಚುಕ್ಕಿಯಂಥ ಸರಳ ಚಿತ್ತಾರಕ್ಕೆ?

ಇನ್ನೊಬ್ಬರು: ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಭಾಷೆಯೇ ಸಾಕು. ಗ್ರೇಡಿಯೆಂಟ್ ಎಂದರೆ ಬಣ್ಣದಿಂದ ಬಣ್ಣಕ್ಕೆ ಜಾರುವುದು. ಜಾರಿಕೆಯ ಅಗಲವನ್ನು ಸೊನ್ನೆ ಮಾಡಿದರೆ ಅದೇ ಚೂಪಾದ ಗೆರೆ. ಇಷ್ಟರಿಂದಲೇ ಚೌಕುಳಿ, ಅಂಕುಡೊಂಕು, ಇಟ್ಟಿಗೆಯಂಥ ಎಷ್ಟೋ ಚಿತ್ತಾರಗಳನ್ನು ಕಟ್ಟಬಹುದೆಂದು ವೆಬ್ ತಂತ್ರಜ್ಞೆ ಲಿಯಾ ವೆರೂ 2011ರ ಹೊತ್ತಿಗೆ ಒಂದು ಸಂಗ್ರಹವನ್ನೇ ಮಾಡಿ ತೋರಿಸಿದರು. ಓರೆಪಟ್ಟಿಯಲ್ಲಿ ಮಾತ್ರ ಒಂದು ಕೊಕ್ಕೆ ಇದೆ. 45 ಡಿಗ್ರಿಯ ಪಟ್ಟಿಗಳನ್ನು ಚೌಕ ಟೈಲಿನಿಂದ ಹಾಸುವಾಗ ಟೈಲಿನ ಬದಿ ಪಟ್ಟಿಯ ದಪ್ಪದ 2√2ರಷ್ಟಿರಬೇಕು. ಪಟ್ಟಿ 15 ಪಿಕ್ಸೆಲ್ ಬೇಕೆಂದರೆ ಬದಿ 42.43. ಪರದೆಯಲ್ಲಿ 0.43 ಪಿಕ್ಸೆಲ್ ಎಂಬುದಿಲ್ಲ, ಹಾಗಾಗಿ ಅಂಚಿನಲ್ಲಿ ಹಲ್ಲು ಮೂಡುತ್ತದೆ. ಟೈಲನ್ನೇ ಬಿಟ್ಟು, ತನ್ನಷ್ಟಕ್ಕೆ ಮರುಕಳಿಸುವ ರಿಪೀಟಿಂಗ್ ಗ್ರೇಡಿಯೆಂಟ್ ಬಳಸಿದರೆ ಈ ತಾಪತ್ರಯವಿಲ್ಲ.

ಎಳೆ ಎಣಿಸಿ ಹಾಕುವ ಕೈಕೆಲಸಗಳು ಪಿಕ್ಸೆಲ್ ಜಾಲಕ್ಕೆ ಸಲೀಸಾಗಿ ಇಳಿಯುತ್ತವೆ. ಧಾರವಾಡದ ಕಡೆಯ ಕಸೂತಿ ಅಂಥದ್ದು; ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ಬಟ್ಟೆಯ ಎಳೆಗಳ ಲೆಕ್ಕದ ಮೇಲೇ ನಿಂತಿವೆ. ಇವನ್ನು ಎಸ್‌ವಿಜಿಯಲ್ಲಿ ಬರೆದರೆ ಕಡತ ಹಗುರ, ಎಷ್ಟು ಹಿಗ್ಗಿಸಿದರೂ ಗೆರೆ ಚೂಪು. ಒಂದು ಮಾತು: ತುಂಬುಗಸೂತಿಯ ತೇರನ್ನು ಪುಟದ ತುಂಬ ಹಾಸಿದರೆ ತೇರಿಗೂ ಬೆಲೆಯಿಲ್ಲ, ಪುಟಕ್ಕೂ ಇಲ್ಲ. ಅಂಚುಪಟ್ಟಿಗೆ ಅದು, ಒಡಲಿಗೆ ಅದರ ಒಂದು ಸಣ್ಣ ಬುಟ್ಟಾ.

ಒಬ್ಬರು: ಟೈಲ್ ಸಿದ್ಧವಾದ ಮೇಲೆ ಬ್ರೌಸರಿನ ಪಾಲಿನ ಕೆಲಸ ಎಷ್ಟು?

ಇನ್ನೊಬ್ಬರು: ಎರಡೂ ದಿಕ್ಕಿಗೆ ಹಾಸು, ಅಡ್ಡಕ್ಕೆ ಮಾತ್ರ ಹಾಸು, ಉದ್ದಕ್ಕೆ ಮಾತ್ರ, ಹಾಸಲೇಬೇಡ ಎಂಬ ಆಯ್ಕೆಗಳು 1996ರ ಮೊದಲ ಸಿಎಸ್‌ಎಸ್‌ನಲ್ಲೇ ಇದ್ದವು. ಮೂರನೇ ಹಂತದ ಸಿಎಸ್‌ಎಸ್ ಎರಡು ಸೂಕ್ಷ್ಮ ಆಯ್ಕೆಗಳನ್ನು ಸೇರಿಸಿತು: ‘ರೌಂಡ್’ ಎಂದರೆ ಟೈಲ್ ಎಲ್ಲೂ ಅರ್ಧಕ್ಕೆ ತುಂಡಾಗದಂತೆ ಅದನ್ನು ತುಸು ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತದೆ, ‘ಸ್ಪೇಸ್’ ಎಂದರೆ ಟೈಲನ್ನು ಮುಟ್ಟದೆ ನಡುನಡುವೆ ಜಾಗ ಬಿಡುತ್ತದೆ. ಬುಟ್ಟಾಗಳ ಪಟ್ಟಿಗೆ ಇವು ಬಲು ಉಪಯೋಗಿ.

ಒಳ್ಳೆಯ ಟೈಲಿನಲ್ಲೂ ಕೆಲವೊಮ್ಮೆ ಕೂದಲೆಳೆಯಂಥ ಗೆರೆ ಕಾಣಿಸಿಕೊಳ್ಳುತ್ತದೆ. ಅದು ಟೈಲಿನ ತಪ್ಪಲ್ಲ. 30 ಪಿಕ್ಸೆಲ್ ಟೈಲನ್ನು 125 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದರೆ 37.5 ಆಗುತ್ತದೆ, ಅರ್ಧ ಪಿಕ್ಸೆಲ್ಲನ್ನು ಬ್ರೌಸರ್ ಹಿನ್ನೆಲೆ ಬಣ್ಣದೊಂದಿಗೆ ಬೆರೆಸಿಬಿಡಬಹುದು. 32 ಪಿಕ್ಸೆಲ್ ಆಗಿದ್ದರೆ ಅದೇ ಹಿಗ್ಗುವಿಕೆಗೆ 40, ಒಂದೂವರೆ ಪಟ್ಟಿಗೆ 48, ಎರಡೂ ಪೂರ್ಣ. ಎಂಟರ ಗುಣಕದ ಅಳತೆಗಳನ್ನು ಅನುಭವಿಗಳು ಇಷ್ಟಪಡುವುದು ಇದಕ್ಕೇ. 2010ರ ಐಫೋನ್ 4ರಿಂದೀಚೆಗೆ ದಟ್ಟ ಪರದೆಗಳು ಬಂದದ್ದರಿಂದ ಟೈಲನ್ನು ಎರಡು ಪಟ್ಟು ಅಳತೆಯಲ್ಲಿ ಮಾಡಿ, ಸಿಎಸ್‌ಎಸ್‌ನಲ್ಲಿ ಅರ್ಧಕ್ಕೆ ಇಳಿಸಿ ಹಾಸುವುದು ರೂಢಿಯಾಗಿದೆ.

ಒಬ್ಬರು: ಇಷ್ಟೆಲ್ಲ ಆದ ಮೇಲೆ ಅದರ ಮುಂದೆ ಅಕ್ಷರಗಳು ನಿಲ್ಲಬೇಕು. ಓದಲು ಬಂದವರಿಗೆ ಈ ಕುಸುರಿ ಬೇಕೇ?

ಇನ್ನೊಬ್ಬರು: ಬೇಕೋ ಬೇಡವೋ ಎಂಬುದಕ್ಕೆ ಮೊದಲು, ಅದು ಅಡ್ಡ ಬರಕೂಡದು. ವೆಬ್ ಸುಲಭಲಭ್ಯತೆಯ ಮಾರ್ಗಸೂಚಿಗಳ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕು. ಬಿಳಿಯ ಮೇಲೆ ಅಚ್ಚ ಕಪ್ಪಿಗೆ 21ಕ್ಕೆ 1. 0ಯಿಂದ 255ರ ಅಳತೆಯಲ್ಲಿ 118ರ ಬೂದು ಅಕ್ಷರ ಬಿಳಿಯ ಮೇಲೆ ಕೂದಲೆಳೆಯಲ್ಲಿ ತೇರ್ಗಡೆಯಾಗುತ್ತದೆ. ಆ ಬಿಳಿಯ ಮೇಲೆ 221ರ ನಸುಬೂದು ಚುಕ್ಕಿಗಳಿರುವ ಟೈಲ್ ಹಾಸಿದರೆ, ಚುಕ್ಕಿ ಇರುವಲ್ಲೆಲ್ಲ ವ್ಯತ್ಯಾಸ 3.3ಕ್ಕೆ ಕುಸಿಯುತ್ತದೆ. ಹಾಗಾಗಿ ಅಳೆಯಬೇಕಾದದ್ದು ಟೈಲಿನ ಸರಾಸರಿ ಬಣ್ಣಕ್ಕಲ್ಲ, ಅಕ್ಷರಕ್ಕೆ ತೀರ ಹತ್ತಿರವಾದ ಅದರ ಪಿಕ್ಸೆಲ್‌ಗೆ.

ಕನ್ನಡ ಪುಟಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ದುಂಡಗಿನ ಚುಕ್ಕಿಗಳ ಹಿನ್ನೆಲೆಯಲ್ಲಿ ಅನುಸ್ವಾರದ ಸೊನ್ನೆ ಬೆರೆತುಹೋಗುತ್ತದೆ. ಅಡ್ಡಗೆರೆಗಳ ಟೆಕ್ಸ್ಚರ್ ತಲೆಕಟ್ಟಿನೊಂದಿಗೆ ಜಗಳವಾಡುತ್ತದೆ. ಅಕ್ಷರದ ಬುಡದಲ್ಲಿ ಕಿರಿದಾಗಿ ಕೂರುವ ಒತ್ತಕ್ಷರಗಳ ಗೆರೆ ಮೊದಲೇ ತೆಳ್ಳಗೆ. ಅದರ ಹಿಂದೆ ಅಷ್ಟೇ ತೆಳ್ಳಗಿನ ನಾರು ಹಾದುಹೋದರೆ ಯಾವುದು ಯಾವುದೆಂದು ಕಣ್ಣು ತಡವರಿಸುತ್ತದೆ. ಅಕ್ಷರದ ಗೆರೆಯ ದಪ್ಪಕ್ಕೂ ತರಿಯ ದಪ್ಪಕ್ಕೂ ದೂರವಿರಲಿ: ತರಿ ತುಂಬ ಸಣ್ಣದಾಗಿರಲಿ, ಇಲ್ಲವೇ ತುಂಬ ದೊಡ್ಡದಾಗಿ ಮಬ್ಬಾಗಿರಲಿ. ಎರಡೂ ಆಗದಿದ್ದರೆ ಬರಹದ ಕೆಳಗೆ ಬರೀ ಬಣ್ಣದ ಪಟ್ಟಿ ಹಾಸಿ, ಚಿತ್ತಾರವನ್ನು ಅದರ ಎರಡು ಬದಿಗೆ ಬಿಡಬೇಕು. ಹೆಚ್ಚಿನ ಸಲ ಇದೇ ಸರಿಯಾದ ತೀರ್ಮಾನ.

ಟೈಲಿನ ಜೊತೆಗೆ ಅದರ ಸರಾಸರಿ ಬಣ್ಣವನ್ನೂ ಹಿನ್ನೆಲೆ ಬಣ್ಣವಾಗಿ ಬರೆದಿಡಬೇಕು. ಚಿತ್ರ ಬರುವುದು ತಡವಾದರೆ, ಬಾರದೇ ಹೋದರೆ, ಕಪ್ಪು ಟೈಲಿನ ಮೇಲೆಂದು ಇಟ್ಟ ಬಿಳಿ ಅಕ್ಷರ ಬಿಳಿ ಪುಟದಲ್ಲಿ ಕಾಣೆಯಾಗುತ್ತದೆ. ಹಿನ್ನೆಲೆ ಚಿತ್ರವನ್ನು ಪರದೆ ಓದುವ ತಂತ್ರಾಂಶಗಳು ಓದುವುದಿಲ್ಲ, ಮುದ್ರಿಸುವಾಗಲೂ ಬ್ರೌಸರ್‌ಗಳು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತವೆ. ಹಾಗಾಗಿ ತಿಳಿಯಲೇಬೇಕಾದ ಯಾವುದನ್ನೂ ಅಲ್ಲಿ ಇಡಬಾರದು.

ಒಬ್ಬರು: ಈಗಿನ ಪುಟಗಳು ಹೆಚ್ಚಾಗಿ ಬೋಳುಬೋಳು. ಇದರ ಕಾಲ ಮುಗಿಯಿತೇ?

ಇನ್ನೊಬ್ಬರು: ಏರಿಳಿತವಿದೆ. 2011ರ ಹೊತ್ತಿಗೆ ಆ್ಯಪಲ್‌ನ ಪರದೆಗಳಲ್ಲಿ ಕಡುಬೂದು ಲಿನನ್ ಬಟ್ಟೆ ಎಲ್ಲೆಲ್ಲೂ ಇತ್ತು, ಅದನ್ನು ನೋಡಿ ವೆಬ್‌ಸೈಟುಗಳೂ ಉಟ್ಟುಕೊಂಡವು. 2013ರ ಐಒಎಸ್ 7 ಅದನ್ನೆಲ್ಲ ಕಳಚಿಹಾಕಿತು, ಚಪ್ಪಟೆ ಬಣ್ಣಗಳು ಬಂದವು. ಆದರೆ ಅಂಥ ಪುಟಗಳ ದೊಡ್ಡ ಗ್ರೇಡಿಯೆಂಟ್‌ನಲ್ಲಿ ಬಣ್ಣದ ಮೆಟ್ಟಿಲುಗಳು ಕಾಣುತ್ತವೆ. ಪ್ರತಿ ಬಣ್ಣಕ್ಕೆ 256 ಹಂತವಷ್ಟೇ ಇದ್ದು, ಅವನ್ನು ಎರಡು ಸಾವಿರ ಪಿಕ್ಸೆಲ್‌ಗಳ ಮೇಲೆ ಎಳೆದರೆ ಒಂದೊಂದು ಹಂತವೂ ಏಳೆಂಟು ಪಿಕ್ಸೆಲ್ ಅಗಲದ ಪಟ್ಟಿ. ಬಣ್ಣಗಳ ಅಂತರ ಕಡಿಮೆಯಿದ್ದರೆ ಪಟ್ಟಿ ಇನ್ನೂ ಅಗಲ. ಅದರ ಮೇಲೆ ತೆಳುವಾದ ನಾಯ್ಸ್ ಟೈಲ್ ಒಂದನ್ನು ಎರಡು ಮೂರು ಪ್ರತಿಶತ ದಟ್ಟಣೆಯಲ್ಲಿ ಹಾಸಿದರೆ ಪಟ್ಟಿಗಳು ಚದುರಿಹೋಗುತ್ತವೆ. ಹೀಗೆ ಬೋಳಾಗಿ ಕಾಣುವ ಪುಟಗಳಲ್ಲೂ ಟೈಲ್ ಅಡಗಿರುವುದುಂಟು.

ಒಬ್ಬರು: ಟೈಲ್ ಸಿದ್ಧವಾಯಿತೆಂದು ಗೊತ್ತಾಗುವುದು ಹೇಗೆ?

ಇನ್ನೊಬ್ಬರು: ಅದನ್ನು ಪುಟದ ಅಳತೆಗೆ ಹಾಸಿ, ಹತ್ತು ಹೆಜ್ಜೆ ಹಿಂದೆ ನಿಂತು, ಕಣ್ಣು ಅರೆಮುಚ್ಚಿ ನೋಡುವುದು. ಜಾಲರಿ, ಕರ್ಣರೇಖೆ, ನೆರಳುಪಟ್ಟಿ ಏನಾದರೂ ತೇಲಿ ಬಂದರೆ ಯಾವ ಗುರುತಿನಿಂದ ಬಂತೆಂದು ಹುಡುಕಿ ತೆಗೆಯುವುದು. ಆಮೇಲೆ ಹತ್ತಿರ ಬಂದು 100, 110, 125, 150 ಪ್ರತಿಶತಗಳಲ್ಲಿ ಅಂಚು ನೋಡುವುದು. ಕೊನೆಗೆ ಅದರ ಮೇಲೆ ಎರಡು ಪ್ಯಾರಾ ಬರಹವಿಟ್ಟು, ಅದನ್ನು ಮೊದಲ ಸಲ ನೋಡುವ ಯಾರಿಗಾದರೂ ಓದಲು ಕೊಡುವುದು. ಓದಿ ಮುಗಿಸಿದವರು ಹಿನ್ನೆಲೆಯಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಲು ಒಂದು ಗಳಿಗೆ ಯೋಚಿಸಿದರೆ ಟೈಲ್ ಸಿದ್ಧ.